ದಬ್ಬಳ ಸುಟ್ಟ ಬಿಸಿಲು

ಆ ಬೀದಿಯವರಿಗೆಲ್ಲ ಅವಳು ಬಿಸಿಲಕ್ಕ. ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿತ್ತು. ಅದನ್ನು ಬಾಯ್ತುಂಬ ಕರೆಯುತ್ತಿದ್ದವಳು ಅಮ್ಮ ಒಬ್ಬಳೇ. ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು.

ಊರು ಮುಗಿಯುವಲ್ಲಿ ಒಂದು ದಿಬ್ಬ, ದಿಬ್ಬದ ಮೇಲೆ ಹವಾಮಾನ ಕೇಂದ್ರ. ಕೇಂದ್ರವೆಂದರೆ ಏನೋ ಎಂತೋ ಅಂದುಕೊಳ್ಳಬೇಕಾಗಿಲ್ಲ. ಒಂದು ಕೋಣೆ, ಹೊರಗಿನಿಂದ ತಾರಸಿಗೆ ಹತ್ತುವ ಕಬ್ಬಿಣದ ಮೆಟ್ಟಿಲು, ಸುತ್ತ ತಂತಿಬೇಲಿ, ಅಷ್ಟೆ. ತಾರಸಿಯ ನಡುವೆ ಎದೆಮಟ್ಟದ ಒಂದು ಕಂಬ; ಕಂಬದ ಮೇಲೆ ದೊಡ್ಡ ಕಿತ್ತಳೆಹಣ್ಣಿನಷ್ಟು ಗಾಜಿನ ಗುಂಡು. ಗುಂಡಿನ ಹಿಂದೆ ಬಾಗಿದ ಲೋಹದ ಬಟ್ಟಲು, ಬಟ್ಟಲೊಳಗೆ ನೀಲಿ ರಟ್ಟಿನ ಒಂದು ಪಟ್ಟಿ. ಬಿಸಿಲು ಗಾಜಿನೊಳಗೆ ಹಾದು ಒಂದು ಚುಕ್ಕೆಯಾಗಿ ಆ ಪಟ್ಟಿಯನ್ನು ಸುಡುತ್ತದೆ. ಸೂರ್ಯ ಸರಿದ ಹಾಗೆ ಚುಕ್ಕೆಯೂ ಸರಿದು ಗೆರೆಯಾಗುತ್ತದೆ. ಮೋಡ ಅಡ್ಡ ಬಂದರೆ ಗೆರೆ ನಿಲ್ಲುತ್ತದೆ, ಮೋಡ ಸರಿದರೆ ಮುಂದುವರಿಯುತ್ತದೆ. ಪಟ್ಟಿಯ ಮೇಲೆ ಗಂಟೆಗೊಂದರಂತೆ ಬಿಳಿ ಗುರುತುಗಳಿರುತ್ತವೆ. ಸಂಜೆ ಸೂರ್ಯ ಮುಳುಗಿದ ಕೂಡಲೇ ಪಟ್ಟಿ ತೆಗೆದು, ಸುಟ್ಟ ಗೆರೆಯನ್ನು ಅಳೆದು, ಇವತ್ತು ಇಷ್ಟು ಗಂಟೆ ಬಿಸಿಲಿತ್ತು ಎಂದು ಪುಸ್ತಕದಲ್ಲಿ ಬರೆದು, ನಾಳೆಗೆ ಹೊಸ ಪಟ್ಟಿ ಸಿಕ್ಕಿಸಬೇಕು. ಬಿಸಿಲಕ್ಕ ಇಪ್ಪತ್ತೆಂಟು ವರ್ಷದಿಂದ ಮಾಡುತ್ತಿದ್ದ ಕೆಲಸ ಇದು.

"ಬಿಸಿಲಕ್ಕ, ನಾಳೆ ಕಂಬಳಿ ಒಗೀಬಹುದೇನೇ?" ಎಂದು ಎದುರುಮನೆಯ ಅಜ್ಜಿ ಕೇಳುವುದಿತ್ತು.

"ನನ್ನ ಹತ್ರ ಇರೋದು ಬರೀ ನಿನ್ನೆ ಬಿಸಿಲು ಅಜ್ಜಿ. ನಾಳೆದು ಬೇಕಾದ್ರೆ ರೇಡಿಯೋದವರನ್ನ ಕೇಳಿ."

"ನಿನ್ನೆ ಬಿಸಿಲು ತಗೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?"

ಇಷ್ಟು ಮಾತಾದರೆ ಅವಳ ಆ ದಿನದ ಮಾತು ಮುಗಿದ ಹಾಗೆ. ದಿಬ್ಬದ ಮೇಲೆ ಮಾತಾಡಲು ಯಾರೂ ಇಲ್ಲ. ಮನೆಯಲ್ಲಿ ಎರಡು ಕೋಣೆ. ಒಂದರ ಬಾಗಿಲು ಅಮ್ಮ ಹೋದಂದಿನಿಂದ ಮುಚ್ಚಿತ್ತು. ಅವಳು ಒಲೆಯ ಮುಂದೆ ನಿಂತೇ ಊಟ ಮುಗಿಸುತ್ತಿದ್ದಳು. ಒಬ್ಬಳಿಗೆ ತಟ್ಟೆ ಹಾಕಿಕೊಂಡು ಕೂರುವುದು ಒಂದು ನಾಟಕದ ಹಾಗೆ ಅನ್ನಿಸುತ್ತಿತ್ತು. ಬೆಳಗ್ಗೆ ಗಾಜಿನ ಗುಂಡನ್ನು ಮೆತ್ತನೆ ಬಟ್ಟೆಯಿಂದ ಒರೆಸುವಾಗ ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಪ್ರಾರ್ಥನೆ ಅಂತ ಹೆಸರಿಡುವಂಥದ್ದೇನಲ್ಲ. ಕೊಟ್ಟಿದ್ದನ್ನು ಕೊಟ್ಟ ಹಾಗೆ ಬರೆಯುವಂತೆ ಮಾಡಪ್ಪಾ, ಅಷ್ಟೆ. ನಾಲ್ಕು ವರ್ಷದಿಂದ ಆ ಮಾತನ್ನು ಅವಳು ಅರ್ಧಕ್ಕೇ ಬಿಡುತ್ತಿದ್ದಳು.

ಬಿಡಲು ಕಾರಣವಿತ್ತು.

ಅಮ್ಮ ಹಾಸಿಗೆ ಅಂಗಡಿಗೆ ಹೊಲಿದುಕೊಡುವವಳು. ಗಟ್ಟಿ ಬಟ್ಟೆ, ಒಳಗೆ ಹತ್ತಿ, ಬೆರಳುದ್ದದ ದಬ್ಬಳದಲ್ಲಿ ಹೊಲಿಗೆ. ನಲವತ್ತು ವರ್ಷ ಹೊಲಿದು ಹೊಲಿದು ಅವಳ ಬೆರಳ ತುದಿಗಳಿಗೇ ಕಣ್ಣು ಬಂದಿತ್ತು. ಮುಖದ ಮೇಲಿನ ಕಣ್ಣು ಹೋದಾಗ ಅವಳು ಅಷ್ಟೇನೂ ಗೋಳಾಡಲಿಲ್ಲ. ಆದರೆ ಆಮೇಲೆ ಒಂದು ಬೆಳಗ್ಗೆ ಎಡಮೈ ಬಿದ್ದುಹೋಯಿತು. ಹಿಂದಿನ ಕೋಣೆಯ ಮಂಚವೇ ಗತಿಯಾಯಿತು. ಆ ಕೋಣೆಯ ಕಿಟಕಿಗೆ ಎದುರು ಪಕ್ಕದ ಕಟ್ಟಡದ ಗೋಡೆ. ಬಿಸಿಲು ಒಳಗೆ ಬರುವ ದಾರಿಯೇ ಇರಲಿಲ್ಲ.

"ಹೊರಗೆ ಬಿಸಿಲಿದೆಯೇನೇ?" ಎಂದು ಅಮ್ಮ ಕೇಳುತ್ತಿದ್ದಳು. ಇದೆ ಎಂದರೆ ನಂಬುತ್ತಿರಲಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ತೀಯ ನೀನು."

ಹಾಗಾಗಿ ಬಿಸಿಲಕ್ಕ ಪಟ್ಟಿಯನ್ನೇ ಊಟದ ಚೀಲದಲ್ಲಿಟ್ಟು ಮನೆಗೆ ತರತೊಡಗಿದಳು. ಪಟ್ಟಿ ಕೇಂದ್ರ ಬಿಟ್ಟು ಹೋಗಕೂಡದೆಂದು ನಿಯಮ, ಆದರೂ ತಂದಳು. ಅಮ್ಮ ಬಲಗೈಯ ತೋರುಬೆರಳನ್ನು ಸುಟ್ಟ ಸೀಳಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಮೆಲ್ಲಗೆ ಎಳೆಯುತ್ತಿದ್ದಳು. "ಇಲ್ಲಿ ಮೋಡ ಬಂತು. ಇಲ್ಲಿ ಹೋಯ್ತು. ಮಧ್ಯಾಹ್ನ ಚೆನ್ನಾಗಿ ಕಾದಿದೆ ನೋಡು, ಅಗಲ ಆಗಿದೆ." ಆಮೇಲೆ ಊಟ. ಬಾಯಿಗಿಟ್ಟ ತುತ್ತನ್ನೆಲ್ಲ ನುಂಗುತ್ತಿದ್ದಳು.

ಆ ವರ್ಷ ಮೋಡ ಹಿಡಿದದ್ದು ಬಿಡಲಿಲ್ಲ. ಮೊದಲ ದಿನ ಖಾಲಿ ಪಟ್ಟಿಯ ಮೇಲೆ ಬೆರಳು ಎರಡು ಸಲ ಆಚೆಯಿಂದ ಈಚೆಗೆ ಹೋಗಿ ಬಂತು. ಅಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಊಟ ಬೇಡ ಎಂದಳು. ಎರಡನೆಯ ದಿನವೂ ಬೇಡ. ಮೂರನೆಯ ಸಂಜೆ ಬಿಸಿಲಕ್ಕ ಒಲೆಯ ಮುಂದೆ ನಿಂತು ಅಮ್ಮನ ದಬ್ಬಳವನ್ನು ಕೆಂಪಗೆ ಕಾಯಿಸಿದಳು. ಇಕ್ಕಳದಲ್ಲಿ ಹಿಡಿದು ಪಟ್ಟಿಯ ಮೇಲೆ ಎಂಟು ಗಂಟೆಯ ಗುರುತಿನಿಂದ ಎರಡರ ತನಕ ಎಳೆದಳು.

ಅಮ್ಮ ಬೆರಳಾಡಿಸಿದಳು. "ಇವತ್ತಿನ ಬಿಸಿಲು ಯಾರು ಹೊಲಿದದ್ದೇ? ಇಷ್ಟು ನೆಟ್ಟಗಿದೆ!" ಎಂದಳು.

"ಮೇಲಿರೋನು ಹೊಲಿದಿದ್ದು."

"ಅವನ ಕೈ ಈಗೀಗ ಪಳಗ್ತಿದೆ ಅನ್ನು." ಅಂದು ಅಮ್ಮ ಊಟ ಮಾಡಿದಳು.

ಇಲ್ಲಿಯವರೆಗೆ ಇದು ಮಗಳು ತಾಯಿಗೆ ಹೇಳಿದ ಒಂದು ಸುಳ್ಳು. ತೊಂದರೆ ಎಲ್ಲಿ ಬಂತೆಂದರೆ, ಆ ಪಟ್ಟಿಗಳು ಎಣಿಸಿ ಬರುತ್ತವೆ. ಪ್ರತಿಯೊಂದರ ಮೂಲೆಯಲ್ಲಿ ಅಂಕಿ ಅಚ್ಚಾಗಿರುತ್ತದೆ. ದಿನಕ್ಕೊಂದೇ, ಹೆಚ್ಚಿನದು ಒಂದೂ ಇಲ್ಲ. ಅಮ್ಮನಿಗಾಗಿ ಸುಟ್ಟದ್ದೇ ಕಚೇರಿಗೂ ಸಲ್ಲಬೇಕು. ಪುಸ್ತಕದಲ್ಲಿ ನಿಜ ಬರೆಯೋಣವೆಂದರೆ, ತಪಾಸಣೆಗೆ ಬರುವವರು ಪುಸ್ತಕ ಮತ್ತು ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಹಾಗಾಗಿ ಅವಳು ಪಟ್ಟಿ ಹೇಳಿದ್ದನ್ನೇ ಬರೆದಳು: ಆರು ಗಂಟೆ. ಒಂದು ಸಲ ಬರೆದ ಮೇಲೆ ಎರಡನೆಯ ಸಲ ಯೋಚಿಸಲೇ ಇಲ್ಲ. ಅದೇ ಅವಳಿಗೆ ಆಮೇಲೆ ಹೆಚ್ಚು ನಾಚಿಕೆ ತಂದದ್ದು.

ಅಮ್ಮ ತೀರಿಕೊಂಡ ದಿನ ಮಾತ್ರ ನಿಜವಾಗಿಯೂ ಬಿಸಿಲಿತ್ತು. ಬಿಸಿಲಕ್ಕ ಅಂದು ದಿಬ್ಬಕ್ಕೆ ಹೋಗಲಿಲ್ಲ. ಎರಡು ದಿನದ ಬಿಸಿಲು ಒಂದೇ ಪಟ್ಟಿಯನ್ನು ಒಂದರ ಮೇಲೊಂದರಂತೆ ಸುಟ್ಟಿತು. ತಪಾಸಣೆಗೆ ಬಂದವರು ಅದನ್ನು ಹಿಡಿದು, "ಇಷ್ಟು ವರ್ಷದ ಅನುಭವ ಇಟ್ಕೊಂಡು ಪಟ್ಟಿ ಬದಲಾಯಿಸೋದು ಮರೀತೀರಲ್ಲ" ಎಂದು ಬೈದುಹೋದರು. ದಬ್ಬಳದ ಪಟ್ಟಿಗಳನ್ನು ನೋಡಿ, "ಕೆಲಸ ಅಚ್ಚುಕಟ್ಟು" ಎಂದು ಬರೆದಿಟ್ಟರು.

ಅಮ್ಮನ ಜೊತೆ ಈ ಕಥೆಯೂ ಮುಗಿಯಿತೆಂದು ಅವಳು ಅಂದುಕೊಂಡಿದ್ದಳು.

ಆಮೇಲಿನ ಬೇಸಿಗೆಗಳು ಒಂದಕ್ಕಿಂತ ಒಂದು ಕೆಟ್ಟದಾಗುತ್ತ ಬಂದವು. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಆಸ್ಪತ್ರೆಯ ಹಜಾರದಲ್ಲಿ ಒದ್ದೆಬಟ್ಟೆ ಸುತ್ತಿದ ಕೂಸುಗಳನ್ನು ಸಾಲಾಗಿ ಮಲಗಿಸುತ್ತಿದ್ದರು. ಹಾಗಿರುವಾಗ ಒಂದು ದಿನ ಸುದ್ದಿ ಬಂತು: ವಿಮಾನಗಳು ಕಣ್ಣಿಗೆ ಕಾಣದಷ್ಟು ಎತ್ತರಕ್ಕೆ ಹೋಗಿ ಸಣ್ಣ ಕಣಗಳನ್ನು ಎರಚುತ್ತವಂತೆ, ಆ ಕಣಗಳು ನೂರು ಪಾಲು ಬಿಸಿಲಿನಲ್ಲಿ ಒಂದು ಪಾಲನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತವಂತೆ, ನೆಲ ಸ್ವಲ್ಪ ತಣಿಯುತ್ತದಂತೆ. ಮೊದಲು ಒಂದಷ್ಟು ವರ್ಷ ಪ್ರಯೋಗ, ಅದಕ್ಕೆ ಆರಿಸಿದ ಆಕಾಶಗಳಲ್ಲಿ ಇವರ ಆಕಾಶವೂ ಒಂದು.

"ಆಕಾಶಕ್ಕೆ ಸುಣ್ಣ ಹೊಡೀತಾರಂತೆ ಕಣೇ!" ಎಂದಳು ಎದುರುಮನೆಯ ಅಜ್ಜಿ.

ಮೂಲೆಯ ಕ್ಷೌರದವನು ಗಿರಾಕಿಯ ಕತ್ತು ಬಗ್ಗಿಸಿಕೊಂಡೇ, "ಸುಣ್ಣ ಅಲ್ಲಜ್ಜಿ, ಸೂರ್ಯಂಗೇ ಟೋಪಿ ಹಾಕ್ತಾರೆ. ಇಷ್ಟು ದಿನ ಜನಕ್ಕೆ ಹಾಕಿ ಹಾಕಿ ಬೇಜಾರಾಯ್ತು ಅವರಿಗೆ. ಅಲ್ವಾ ಬಿಸಿಲಕ್ಕ?" ಎಂದ.

ಎಲ್ಲರೂ ನಕ್ಕರು. ಬಿಸಿಲಕ್ಕನೂ ನಗಲು ಹೋದಳು, ನಗು ಬರಲಿಲ್ಲ.

ಪ್ರಯೋಗದವರು ಕಳಿಸಿದ ಸಂಶೋಧಕಿ ನಲವತ್ತರ ಹೆಂಗಸು, ಕಿವಿಯ ಹತ್ತಿರ ನರೆ. ಮಾತು ಜೋರು, ಸದಾ ಬಾಯಲ್ಲಿ ಬಿಸ್ಕತ್ತು. ಪೆಟ್ಟಿಗೆಯಂಥ ಒಂದು ಯಂತ್ರ ತಂದು ಮೇಜಿನ ಮೇಲಿಟ್ಟು, ಹಳೆಯ ಪಟ್ಟಿಗಳನ್ನು ಒಂದೊಂದಾಗಿ ಅದರ ಕೆಳಗೆ ಇಡುತ್ತಿದ್ದಳು. ಯಂತ್ರ ಪ್ರತಿ ಗೆರೆಯ ಉದ್ದ ಅಗಲ ಅಳೆದುಕೊಳ್ಳುತ್ತಿತ್ತು. ಎರಡು ದಿನ ಆ ಕೋಣೆಯಲ್ಲಿ ಇಬ್ಬರ ಉಸಿರಾಟವಿತ್ತು. ಬಿಸಿಲಕ್ಕನಿಗೆ ಅದೇ ಹೊಸದು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿ ಎರಡು ಲೋಟ ಟೀ ಮಾಡಿದಳು.

"ಅಕ್ಕಾ, ನಿಮ್ಮಂಥ ದಾಖಲೆ ನಾನೆಲ್ಲೂ ನೋಡಿಲ್ಲ. ಒಂದೇ ಒಂದು ದಿನ ಬಿಟ್ರೆ ಎಲ್ಲೂ ಖಾಲಿ ಬಿಟ್ಟಿಲ್ವಲ್ಲ ನೀವು!"

"ಹೋಗೋಕೆ ಬೇರೆ ಜಾಗ ಇದ್ರೆ ತಾನೇ ಬಿಡೋದು."

ಸಂಶೋಧಕಿ ನಕ್ಕಳು. ಅದು ತಮಾಷೆಯಲ್ಲವೆಂದು ಅವಳಿಗೆ ಹೊಳೆಯಲಿಲ್ಲ.

ಮೂರನೆಯ ದಿನ ಅವಳು ಪರದೆಯನ್ನು ಬಿಸಿಲಕ್ಕನ ಕಡೆ ತಿರುಗಿಸಿದಳು. "ನಾಲ್ಕು ವರ್ಷದ ಹಿಂದಿನ ಈ ಕಟ್ಟು ನೋಡಿ. ಮೋಡದ ಕಾಲದಲ್ಲೂ ಎಂಥ ಬಿಸಿಲು! ಸುತ್ತಮುತ್ತ ಯಾವ ಕೇಂದ್ರದಲ್ಲೂ ಹೀಗಿಲ್ಲ. ಈ ದಿಬ್ಬದ ಮೇಲೆ ಮಾತ್ರ ಮೋಡ ಒಡೀತಿತ್ತೋ ಏನೋ. ಇದೊಂದರ ಮೇಲೇ ಒಂದು ಲೇಖನ ಬರೀಬಹುದು ನಾನು."

ಬಿಸಿಲಕ್ಕ ಲೋಟಗಳನ್ನು ತೊಳೆಯುತ್ತ, "ಈ ವರ್ಷಗಳನ್ನೆಲ್ಲ ಇಟ್ಕೊಂಡು ಏನು ಮಾಡ್ತೀರಿ?" ಎಂದು ಕೇಳಿದಳು.

"ಎರಚೋಕೆ ಮುಂಚಿನ ಐದು ವರ್ಷ, ಎರಚಿದ ಮೇಲಿನ ವರ್ಷಗಳು. ಎರಡನ್ನೂ ತೂಗೋದು. ಬಿಸಿಲು ಹೇಳಿದ್ದಕ್ಕಿಂತ ಜಾಸ್ತಿ ಕಮ್ಮಿ ಆಗಿದ್ರೆ ನಿಲ್ಲಿಸಿ ಅಂತೀವಿ. ಸರಿಯಾಗಿದ್ರೆ ಮುಂದುವರಿಸಿ ಅಂತೀವಿ. ನಿಮ್ಮ ಗೆರೆ ಮೇಲೇ ಎಲ್ಲ ನಿಂತಿರೋದು ಅಕ್ಕಾ."

ಮನೆಗೆ ಹೋಗುವ ದಾರಿಯಲ್ಲಿ ಅವಳು ಬಾಯಲ್ಲೇ ಲೆಕ್ಕ ಹಾಕಿದಳು. ನಲವತ್ತೇಳು ದಿನ, ದಿನಕ್ಕೆ ಸುಮಾರು ಐದು ಗಂಟೆ. ಇನ್ನೂರ ಮೂವತ್ತು ಗಂಟೆಗೂ ಮೇಲೆ ಇಲ್ಲದ ಬಿಸಿಲು. ಅದನ್ನು ಯಾರೂ ಕದಿಯಬೇಕಾಗಿಲ್ಲ, ಅದು ಇರಲೇ ಇಲ್ಲ. ಆದರೆ ನಾಳೆ ಅದು ಕಡಿಮೆಯಾಯಿತೆಂದು ಜನ ಹೊಡೆದಾಡುತ್ತಾರೆ. ಸರಿಯಾದ ಕೆಲಸ ತಪ್ಪೆನಿಸಿಕೊಂಡು ನಿಲ್ಲಬಹುದು. ತಪ್ಪು ಕೆಲಸ ಸರಿಯೆನಿಸಿಕೊಳ್ಳಬಹುದು. ಮೇಲಿನ ಬಿಸಿಲಿಗೆ ಮನುಷ್ಯರು ಕೈ ಹಾಕುವುದು ಸರಿಯೋ ಅಲ್ಲವೋ ಅವಳಿಗೆ ತಿಳಿಯದು, ಅದು ಅವಳ ಕೈಮೀರಿದ ಮಾತು. ಕೈ ಹಾಕಿದ ಮೇಲೆ ಏನಾಯಿತೆಂದು ನೋಡಿ ಹೇಳುವುದು ಮಾತ್ರ ಅವಳ ಪಾಲಿಗೆ ಬಂದಿತ್ತು. ಹೇಳಿಬಿಟ್ಟರೆ ದಿಬ್ಬ ಹೋಗುತ್ತದೆ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ದಿಬ್ಬ ಹೋದರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುವುದು? ಆ ಮುಚ್ಚಿದ ಕೋಣೆಯ ಪಕ್ಕದಲ್ಲಿ ಇಡೀ ದಿನ ಹೇಗೆ ಕೂರುವುದು?

ಮರುದಿನ ಸಂಶೋಧಕಿ ಬರುವ ಮೊದಲೇ ಬಿಸಿಲಕ್ಕ ಆ ವರ್ಷದ ಕಟ್ಟನ್ನು ಬಿಚ್ಚಿ ಮೇಜಿನ ಮೇಲಿಟ್ಟಿದ್ದಳು.

"ಇವನ್ನ ಆಗಲೇ ಅಳೆದಾಯ್ತಲ್ಲ ಅಕ್ಕಾ."

"ಹಿಂಬದಿ ನೋಡಿಲ್ಲ ನೀವು. ತಿರುಗಿಸಿ."

ಬಿಸಿಲು ಮೇಲಿನಿಂದ ಮೆಲ್ಲಗೆ ಸುಡುತ್ತದೆ. ರಟ್ಟು ಸೀಳಿದರೂ ಬೆನ್ನಿನ ಅಂಚು ಮೆತ್ತಗಿರುತ್ತದೆ. ಕಾದ ದಬ್ಬಳ ಒತ್ತಿದ ಕಡೆ ಬೆನ್ನಿನಲ್ಲಿ ಉಬ್ಬಿದ ಕಪ್ಪು ಏರಿ. ಒಮ್ಮೆ ತೋರಿಸಿದ ಮೇಲೆ ಕುರುಡರಿಗೂ ಗೊತ್ತಾಗುವಂಥದ್ದು. ಇಬ್ಬರೂ ಮುನ್ನೂರ ಅರವತ್ತನಾಲ್ಕನ್ನೂ ತಿರುಗಿಸಿದರು. ಏರಿಯಿದ್ದವು ನಲವತ್ತೇಳು, ಬಿಸಿಲಕ್ಕ ದಾರಿಯಲ್ಲಿ ಲೆಕ್ಕ ಹಾಕಿದ್ದಷ್ಟೇ.

ಸಂಶೋಧಕಿ ಬಿಸ್ಕತ್ತಿನ ಪೊಟ್ಟಣವನ್ನು ಪಕ್ಕಕ್ಕಿಟ್ಟಳು. "ಯಾಕಕ್ಕಾ?"

"ಅಮ್ಮ ಊಟ ಮಾಡ್ತಿರ್ಲಿಲ್ಲ."

ಉಳಿದದ್ದನ್ನು ಕೇಳಿ ಮುಗಿಸುವಷ್ಟರಲ್ಲಿ ಟೀ ಆರಿಹೋಗಿತ್ತು. "ಹೇಳದೇ ಇದ್ದಿದ್ರೆ ನನಗೆ ಗೊತ್ತಾಗ್ತಾನೇ ಇರ್ಲಿಲ್ಲ. ಯಂತ್ರ ಮುಂಭಾಗ ಮಾತ್ರ ನೋಡೋದು."

"ಗೊತ್ತು."

"ನಾನು ಮೇಲಿನವರಿಗೆ ತಿಳಿಸ್ಲೇಬೇಕಾಗತ್ತೆ."

"ಅದಕ್ಕೇ ಹೇಳಿದ್ದು."

ಸಂಶೋಧಕಿ ತುಸು ಯೋಚಿಸಿ, "ಒಂದು ಕೆಲಸ ಮಾಡೋಣ. ಆ ದಿನಗಳಿಗೆಲ್ಲ ಸೊನ್ನೆ ಹಾಕಿಬಿಡೋಣ. ಹೇಗೂ ಮೋಡ ಇತ್ತಲ್ಲ. ದಾಖಲೆಯಾದ್ರೂ ಉಳಿಯುತ್ತೆ" ಎಂದಳು.

"ಬೇಡ. ಸೊನ್ನೆ ಅಂದ್ರೆ ನಾನು ನೋಡಿದ್ದೀನಿ, ಬಿಸಿಲಿರ್ಲಿಲ್ಲ ಅಂತ. ಕೆಲವು ದಿನ ಚೂರುಪಾರು ಇತ್ತು, ಅದರ ಮೇಲೇ ಎಳೆದುಬಿಟ್ಟೆ. ಎಷ್ಟಿತ್ತು ಅಂತ ಇನ್ನು ಆ ದೇವರಿಗೇ ಗೊತ್ತು. ಅಡ್ಡಗೆರೆ ಹಾಕಿ."

ಅಡ್ಡಗೆರೆ ಎಂದರೆ ಅವರ ಪುಸ್ತಕದಲ್ಲಿ, ಯಾರೂ ನೋಡಲಿಲ್ಲ ಎಂದರ್ಥ. ಕೆಂಪು ಶಾಯಿಯಲ್ಲಿ ನಲವತ್ತೇಳು ಅಡ್ಡಗೆರೆಗಳನ್ನು ಬಿಸಿಲಕ್ಕ ತಾನೇ ಎಳೆದಳು. ಪ್ರತಿಯೊಂದರ ಮುಂದೆ ಅಮ್ಮ ಅಂದು ತಿಂದ ಊಟ ನೆನಪಾಗುತ್ತಿತ್ತು. ಅದನ್ನು ಬರೆಯಲು ಪುಸ್ತಕದಲ್ಲಿ ಜಾಗವಿರಲಿಲ್ಲ.

ಮೂರು ವಾರಕ್ಕೆ ಮುಖ್ಯ ಕಚೇರಿಯಿಂದ ಫೋನು ಬಂತು.

"ಏನಮ್ಮಾ, ಇಷ್ಟು ವರ್ಷ ಬಿಸಿಲಲ್ಲಿ ನಿಂತು ನಿಂತು ತಲೆ ಕೆಟ್ಟಿತೇನು?" ಸಾಹೇಬರ ದನಿಯಲ್ಲಿ ಸಿಟ್ಟಿಗಿಂತ ಆಯಾಸ ಹೆಚ್ಚಿತ್ತು. "ನೀವಾಗೇ ಹೇಳಿದ್ರಿ ಅಂತ ಕೆಲಸದಿಂದ ತೆಗೀತಿಲ್ಲ. ಆದ್ರೆ ಆ ವರ್ಷದ ದಾಖಲೆ ಪೂರ್ತಿ ರದ್ದು. ಕಟ್ಟನ್ನ ಸೀಲ್ ಮಾಡಿ ಕಳಿಸಿ."

"ಪೂರ್ತಿ ಯಾಕೆ ಸರ್? ಉಳಿದ ಮುನ್ನೂರ ಹದಿನೇಳು ಪಟ್ಟಿ ಸರಿಯಾಗಿವೆ."

"ಯಾವುದು ಸರಿ, ಯಾವುದು ಅಲ್ಲ ಅಂತ ಹೇಳ್ತಿರೋರು ಯಾರು? ನೀವೇ ತಾನೇ?"

ಅವಳು ಕಪಾಟಿನಲ್ಲಿದ್ದ ಆ ಕಟ್ಟಿನ ಕಡೆ ನೋಡಿದಳು.

"ಇನ್ನೊಂದು. ಇವತ್ತಿಂದ ಪ್ರತಿ ಪಟ್ಟಿಗೂ ಇಬ್ಬರ ಸಹಿ ಬೇಕು. ನಿಮ್ಮದೊಂದೇ ಸಾಲದು. ಪಕ್ಕದ ನೀರಿನ ಟ್ಯಾಂಕಿನವರಿಗೆ ಹೇಳಿದೀವಿ, ಅಲ್ಲಿಂದ ಒಬ್ಬರು ಬರ್ತಾರೆ."

ಕಟ್ಟು ಹೊರಟುಹೋಯಿತು. ಅಮ್ಮನ ಕೊನೆಯ ವರ್ಷ, ಅವಳು ತೀರಿಕೊಂಡ ದಿನದ ಎರಡು ಗೆರೆಯ ಪಟ್ಟಿಯೂ ಸೇರಿ, ಒಂದು ಅರಗಿನ ಮುದ್ರೆಯೊಳಗೆ ಹೋಯಿತು. ಕಪಾಟಿನಲ್ಲಿ ಆ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಪಕ್ಕದ ಕಟ್ಟುಗಳನ್ನು ಸರಿಸಿ ಮುಚ್ಚಬಹುದಿತ್ತು, ಅವಳು ಸರಿಸಲಿಲ್ಲ.

ಎರಚುವ ದಿನ ಬೀದಿಯವರೆಲ್ಲ ತಲೆಯೆತ್ತಿ ನಿಂತರು. ಏನೂ ಕಾಣಲಿಲ್ಲ. "ಎಲ್ಲೇ ಸುಣ್ಣ? ಇದೇನು, ಬರೀ ನೀರು ಕಲಸಿ ಹೊಡೆದ್ರಾ?" ಎಂದು ಅಜ್ಜಿ ಮೂಗು ಮುರಿದಳು. ದಿನವೂ ಆಕಾಶ ನೋಡುವ ಬಿಸಿಲಕ್ಕನಿಗೆ ಮಾತ್ರ, ವಾರ ಕಳೆದ ಮೇಲೆ, ನೀಲಿಗೆ ಯಾರೋ ಒಂದು ಹನಿ ಹಾಲು ಬೆರೆಸಿದ ಹಾಗೆ ಕಂಡಿತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ತನ್ನ ಮಾತಿಗೆ ಈಗ ಎರಡನೆಯ ಸಹಿ ಬೇಕಲ್ಲ.

ನೀರಿನ ಟ್ಯಾಂಕಿನಿಂದ ಬಂದವರು ಅರವತ್ತರ ಹತ್ತಿರದ ಯಜಮಾನರು. ಊರಿಗೆ ನೀರು ಬಿಡುವ ಕೆಲಸ, ಮಂಡಿನೋವು, ಬಾಯಿ ತುಂಬ ಗೊಣಗಾಟ. ಮೊದಲ ಸಂಜೆ ಮೆಟ್ಟಿಲ ಕೆಳಗೇ ನಿಂತು, "ಎಲ್ಲಿ ಹಾಕ್ಬೇಕು ಸಹಿ? ಇಲ್ಲೇ ತನ್ನಿ" ಎಂದರು.

"ನೋಡಿ ಹಾಕ್ಬೇಕು."

"ನೋಡೋದೇನಿದೆ? ಬಿಸಿಲು ಬಂತು, ಹೋಯ್ತು. ನಿಮ್ಮ ಮಾತಿನ ಮೇಲೆ ನನಗೆ ನಂಬಿಕೆ ಇದೆ."

"ನಂಬಿಕೆ ಇಲ್ಲ ಅಂತಲೇ ನಿಮ್ಮನ್ನ ಕಳಿಸಿರೋದು. ಕೂತ್ಕೊಳ್ಳಿ."

ಅಂದಿನಿಂದ ದಿನವೂ ಬಂದರು, ಕೂತರು, ಕನ್ನಡಕದ ಮೇಲಿನಿಂದ ಒಂದು ನೋಟ ಹಾಯಿಸಿ ಸಹಿ ಹಾಕಿ ಹೋದರು. ಹೆಚ್ಚಿನ ಮಾತಿಲ್ಲ. ಅವರಿಗೆ ಅವಳ ಹೆಸರೂ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಹೋದ ಮೇಲೆ ಕೋಣೆ ಮೊದಲಿಗಿಂತ ಹೆಚ್ಚು ಖಾಲಿಯೆನಿಸುತ್ತಿತ್ತು.

ಹನ್ನೊಂದನೆಯ ಸಂಜೆ ಬಿಸಿಲಕ್ಕ ಎಂದಿನಂತೆ ಅಳೆದಳು. "ಎಂಟು ಗಂಟೆ ಹತ್ತು ನಿಮಿಷ. ಹಾಕಿ."

ಯಜಮಾನರು ಪೆನ್ನಿನ ಮುಚ್ಚಳ ತೆಗೆದವರು ಹಾಗೇ ನಿಂತರು. ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದನ್ನ ಬಿಟ್ರಲ್ಲ."

"ಯಾವುದನ್ನ?"

"ಈ ಸಂಜೆ ಕಡೆ ತುದಿ. ಇಲ್ಲಿ ತೂತಾಗಿಲ್ಲ ನಿಜ, ಆದ್ರೆ ಕಂದು ತಿರುಗಿದೆ. ಮೊದಲ ದಿನ ನೀವೇ ಹೇಳ್ಕೊಟ್ರಿ, ಕಂದಾದ್ರೂ ಲೆಕ್ಕಕ್ಕೆ ಬರತ್ತೆ ಅಂತ."

"ಅದು ಬರೀ ಬಣ್ಣ ಹೋಗಿರೋದು. ಕನ್ನಡಕ ಒರೆಸ್ಕೊಳ್ಳಿ."

"ಒರೆಸಿದ್ದಾಯ್ತು. ನೀವು ಒರೆಸ್ಕೊಳ್ಳಿ. ಇದು ಸುಟ್ಟಿದ್ದಮ್ಮಾ. ಬೆಳಗ್ಗೆ ಕಡೆಯೂ ಅಷ್ಟೆ, ಚೂರು ಬಿಟ್ಟಿದೀರಿ. ಹದಿನೈದಿಪ್ಪತ್ತು ನಿಮಿಷದ ಬಿಸಿಲು ಇಲ್ಲೇ ಹೋಯ್ತಲ್ಲ!"

ಅವಳು ಪಟ್ಟಿ ಕಸಿದುಕೊಂಡು ನೋಡಿದಳು. ಇತ್ತು. ತೆಳ್ಳಗೆ, ಹಳೆ ಕಾಗದದ ಬಣ್ಣ. ಇಪ್ಪತ್ತೆಂಟು ವರ್ಷ ಒಂದು ದಿನವೂ ಅವಳು ಬಿಡದಿದ್ದ ಗುರುತು. ಕಣ್ಣು ಮಂಜಾಗಿರಲಿಲ್ಲ, ಅಷ್ಟು ಹತ್ತಿರದಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಕಂಡರೂ ಬಿಟ್ಟಿದ್ದಳು. ಇಲ್ಲದ್ದನ್ನು ಸೇರಿಸಿಬಿಟ್ಟೇನೆಂಬ ಭಯದಲ್ಲಿ ಇರುವುದನ್ನೂ ಕತ್ತರಿಸುತ್ತ ಬಂದಿದ್ದಳೇ? ಎಷ್ಟು ದಿನದಿಂದ? ಆಕಾಶಕ್ಕೆ ಹಾಲು ಬೆರೆತಂತೆ ಕಂಡದ್ದು ಅವಳ ಗೆರೆಗೂ ಇಳಿದಿತ್ತೇ, ಅಥವಾ ಅವಳ ಕೈಯೇ ಇಳಿಸಿತ್ತೇ?

ಯಜಮಾನರು, "ಏನಾಯ್ತು? ನಾನೇನಾದ್ರೂ ತಪ್ಪು ಹೇಳಿದ್ನಾ?" ಎಂದರು.

"ಇಲ್ಲ." ಅವಳು ಕಪಾಟು ತೆರೆದು ಹಿಂದಿನ ಹತ್ತು ಪಟ್ಟಿಗಳನ್ನು ಹೊರತೆಗೆದಳು. "ಇವನ್ನೆಲ್ಲ ಇನ್ನೊಂದ್ಸಲ ನೋಡ್ಬೇಕು."

"ಹತ್ತನ್ನೂ? ಆಗಲೇ ಸಹಿ ಹಾಕಾಗಿದೆಯಲ್ಲ!"

"ಹಾಕಿದ್ದೀರಿ. ನೋಡಿರ್ಲಿಲ್ಲ."

ಯಜಮಾನರು ತಲೆ ಕೆರೆದುಕೊಂಡರು. "ಅದೂ ನಿಜವೇ. ಆದ್ರೆ ನನ್ನ ನೀರು?"

"ಎಷ್ಟು ಹೊತ್ತಿಗೆ ಬಿಡ್ಬೇಕು?"

"ಏಳಕ್ಕೆ."

"ಇನ್ನೂ ಅರ್ಧ ಗಂಟೆ ಇದೆ."

ಅವರು ಮಂಡಿ ಹಿಡಿದುಕೊಂಡು ಕುರ್ಚಿಯನ್ನು ಮೇಜಿಗೆ ಎಳೆದು ಕೂತರು. ಬಿಸಿಲಕ್ಕ ದೀಪ ಹಾಕಿ, ಮೊದಲ ದಿನದ ಪಟ್ಟಿಯನ್ನು ಇಬ್ಬರ ನಡುವೆ ಇಟ್ಟು, ಅಳತೆಪಟ್ಟಿಯನ್ನು ಅವರ ಕಡೆ ಸರಿಸಿದಳು.

"ಮೊದಲು ನೀವು ಓದಿ," ಎಂದಳು. "ಬೆಳಗ್ಗೆ ತುದಿಯಿಂದ."